ಮುಖ ನೋಡಿ ಮಣೆ

ನಮ್ಮ ಮನೆಯಲ್ಲಿ ಇಲಿಯ ಮಾತು ಎತ್ತುವ ಹಾಗಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ದಿನವಿಡೀ ಇಲಿಗಳ ಜೊತೆಗೇ ಇದ್ದು ಬರುವವರು. ಬಟ್ಟೆ ಎಷ್ಟು ಒಗೆದರೂ ಪಂಜರಕ್ಕೆ ಹಾಸುವ ಮರದ ಹೊಟ್ಟಿನ ವಾಸನೆ ಬಿಡುತ್ತಿರಲಿಲ್ಲ. ಆದರೂ ಊಟಕ್ಕೆ ಕೂತಾಗ ನೆಂಟರ ಸುದ್ದಿ, ಬಿಸಿಲು, ಸೋರುವ ನಲ್ಲಿ, ಏನು ಬೇಕಾದರೂ ಮಾತಾಡಬಹುದಿತ್ತು, ಇಲಿಯೊಂದನ್ನು ಬಿಟ್ಟು. ಜೊತೆಗಿದ್ದ ಅತ್ತೆಗೆ ಇದೊಂದು ದೊಡ್ಡ ತಮಾಷೆ. ಸೊಸೆ ಬಾಯಿಗೆ ಬೀಗ ಹಾಕೋದು ಅತ್ತೆಗೆ ಹೆದರಿ ಅಂತ ಕೇಳಿದ್ದೆ, ಇಲಿಗೆ ಹೆದರಿ ಅಂತ ಕೇಳಿರಲಿಲ್ಲ ಎನ್ನುತ್ತಿದ್ದರು.

ಬೀಗಕ್ಕೆ ಕಾರಣವಿತ್ತು. ನಮ್ಮ ಪ್ರಯೋಗಾಲಯದಲ್ಲಿ ಬಿಳಿ ಸುಂಡಿಲಿಗಳ ಮಿದುಳಿನ ಒಂದು ಮೂಲೆಗೆ ಚಿಕ್ಕ ಗಾಯ ಮಾಡಿ, ಆ ಮೂಲೆ ಮತ್ತೆ ಕೆಲಸಕ್ಕೆ ಬರುತ್ತದೆಯೇ ಎಂದು ನೋಡುತ್ತಿದ್ದೆವು. ಅರ್ಧ ಇಲಿಗಳಿಗೆ ಗ್ರೋತ್ ಫ್ಯಾಕ್ಟರ್. ಹೆಸರು ದೊಡ್ಡದು, ಸಂಗತಿ ಸರಳ. ಅದು ದೇಹ ತಾನೇ ತಯಾರಿಸುವ ಒಂದು ಪ್ರೋಟೀನು. ಜೀವಕೋಶಗಳ ಬಾಗಿಲು ತಟ್ಟಿ, ಸಾಯಬೇಡ, ಬೆಳೆ, ಪಕ್ಕದವರ ಕೈ ಹಿಡಿದುಕೊ ಎಂದು ಹೇಳುವುದು ಅದರ ಕೆಲಸ. ಉಳಿದ ಅರ್ಧಕ್ಕೆ ಬರೀ ಉಪ್ಪುನೀರು. ಎರಡೂ ನೋಡಲು ನೀರಿನ ಹಾಗೆಯೇ ಇರುತ್ತವೆ. ಪ್ರೋಟೀನು ಬೇಗ ಕೆಡುವುದರಿಂದ ದಿನಾ ಬೆಳಿಗ್ಗೆ ಹೊಸದಾಗಿ ಬೆರೆಸಬೇಕು. ಹಾಗಾಗಿ ಬೆರೆಸಿ ಚುಚ್ಚುವ ಒಬ್ಬರಿಗಾದರೂ ಯಾವ ಇಲಿಗೆ ಯಾವುದು ಎಂದು ಗೊತ್ತಿರಲೇಬೇಕಿತ್ತು. ಆ ಒಬ್ಬಳು ನಾನು.

ಅಲೆ ಓದುವವನು ನನ್ನ ಗಂಡ. ಇಲಿಯ ತಲೆಯ ಮೇಲೆ ಬಟಾಣಿ ಕಾಳಿನಷ್ಟು ಸಾಕೆಟ್ಟು ಕೂರಿಸಿರುತ್ತೇವೆ. ಅದಕ್ಕೆ ತಂತಿ ಸಿಕ್ಕಿಸಿದರೆ ಮಿದುಳಿನ ಅಲೆಗಳು ಪರದೆಯ ಮೇಲೆ ಓಡುತ್ತವೆ. ಚೇತರಿಸಿಕೊಂಡ ಮಿದುಳಿನಲ್ಲಿ ಅಲೆಗಳು ಗೊಂಚಲು ಗೊಂಚಲಾಗಿ ಏಳುತ್ತವೆ. ತೊಂದರೆ ಏನೆಂದರೆ, ಇಲಿ ಸುಮ್ಮನೆ ಹೊಟ್ಟಿನ ಚೂರು ಮೆಲ್ಲುತ್ತಿದ್ದರೂ ಅದರ ದವಡೆ ಪರದೆಯ ಮೇಲೆ ಹೆಚ್ಚುಕಡಿಮೆ ಅಂಥದೇ ಗೊಂಚಲು ಬರೆಯುತ್ತದೆ. ನಮ್ಮ ಯಂತ್ರಕ್ಕೆ ಇವೆರಡರ ಭೇದ ತಿಳಿಯುತ್ತಿರಲಿಲ್ಲ. ನನ್ನ ಗಂಡನಿಗೆ ತಿಳಿಯುತ್ತಿತ್ತು. ಇದು ಮಿದುಳು, ಇದು ದವಡೆ, ಮತ್ತೆ ದವಡೆ, ಇದು ಮಿದುಳು ಎಂದು ತನ್ನಷ್ಟಕ್ಕೇ ಗುನುಗುತ್ತ ಗುರುತು ಹಾಕುತ್ತ ಹೋಗುತ್ತಿದ್ದ. ಅವನ ಕಣ್ಣಿನ ಮಾತು ಬೇರೆ ಪ್ರಯೋಗಾಲಯಗಳಿಗೂ ಹಬ್ಬಿತ್ತು. ಅವನಿಗೆ ಬೇರೆ ಆಸ್ತಿ ಇರಲಿಲ್ಲ, ಆ ಕಣ್ಣೇ ಆಸ್ತಿ.

ನಾನು ಯಾವ ಇಲಿಗೆ ಏನು ಕೊಟ್ಟೆ ಎಂದು ಅವನಿಗೆ ಗೊತ್ತಾಗಬಾರದು. ಗೊತ್ತಾದರೆ ಅನುಮಾನದ ಗೊಂಚಲುಗಳನ್ನೆಲ್ಲ ಮನಸ್ಸು ಬೇಕಾದ ಕಡೆಗೆ ವಾಲಿಸಿಬಿಡುತ್ತದೆ. ಈ ಕೆಲಸಕ್ಕೆ ಗಂಡ ಹೆಂಡತಿಯನ್ನೇ ಹಾಕಿದರಲ್ಲ ಎಂದು ಉಳಿದವರು ಮುಸಿಮುಸಿ ನಕ್ಕಿದ್ದರು. ಹಾಕಿದವರು ನಮ್ಮ ಮುಖ್ಯಸ್ಥೆ. ಎದುರಿಗೆ ಎಲ್ಲರೂ ಮೇಡಂ ಅಂದರೂ ಬೆನ್ನ ಹಿಂದೆ ಅವರು ದೊಡ್ಡಮ್ಮ. ದೊಡ್ಡಮ್ಮ ಯಾರ ನಗುವಿಗೂ ಸೊಪ್ಪು ಹಾಕುವವರಲ್ಲ. ಗಂಡ ಹೆಂಡತಿ ನಡುವೆ ಗುಟ್ಟು ನಿಲ್ಲುವುದಿಲ್ಲ ಎನ್ನುತ್ತಾರೆ, ಆದರೆ ನಿಂತರೆ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ ಎಂಬುದು ಅವರ ವಾದ. ನಾವೂ ಮಾತು ಉಳಿಸಿಕೊಂಡಿದ್ದೆವು. ಒಂದು ಅಕ್ಷರ ಬಾಯಿ ಬಿಟ್ಟವಳಲ್ಲ ನಾನು.

ಇಲಿಕೋಣೆಗೂ ಅವನ ಅಲೆಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ನಾನು ಈಚೆಯಿಂದ ಇಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿಂಡಿಯಲ್ಲಿ ಚಾಚುತ್ತಿದ್ದೆ, ಅವನು ಆಚೆಯಿಂದ ತಂತಿ ಸಿಕ್ಕಿಸಿ ಇಲಿಯನ್ನು ತೆಗೆದುಕೊಳ್ಳುತ್ತಿದ್ದ. ಸಾಕೆಟ್ಟಿನ ಸಣ್ಣ ಕಾಲುಗಳು ಸರಿಯಾಗಿ ಕೂರುವತನಕ ಇಬ್ಬರೂ ಉಸಿರು ಹಿಡಿದು ಮುಖಾಮುಖಿ ನಿಲ್ಲಬೇಕು. ತಲೆಗೆ ಟೋಪಿ, ಮೂಗು ಬಾಯಿಗೆ ಮಾಸ್ಕು, ಕಣ್ಣು ಹುಬ್ಬು ಬಿಟ್ಟರೆ ಏನೂ ಕಾಣದು. ನಾವು ಒಂದೇ ತರಗತಿಯಲ್ಲಿ ಓದಿದವರು, ಮನೆಯಲ್ಲಿ ನೀನು ಎಂದೇ ಮಾತು. ಕೆಲಸದ ಜಾಗದಲ್ಲಿ ಮಾತ್ರ ನಾಲ್ಕು ಜನ ಕೇಳುತ್ತಾರೆಂದು ನೀವು ಎನ್ನುತ್ತಿದ್ದೆವು. ಕಿಂಡಿಯ ಬಳಿ ಅದೂ ಇಲ್ಲ. ಅಲ್ಲಿ ಮಾತಾಡಬಾರದೆಂದು ನಾವೇ ನಿಯಮ ಮಾಡಿಕೊಂಡಿದ್ದೆವು.

ಮೊದಲ ತಂಡದ ಇಲಿಗಳ ಓದು ಮುಗಿದು ದೊಡ್ಡಮ್ಮ ಅವನ ಗುರುತುಗಳನ್ನೂ ನನ್ನ ಗುಟ್ಟಿನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ದಿನ ಅವರ ಕನ್ನಡಕ ಮಂಜಾಗಿತ್ತು. ಮದ್ದು ಚುಚ್ಚಿದ ಇಲಿಗಳಲ್ಲಿ ಗೊಂಚಲೋ ಗೊಂಚಲು, ಉಪ್ಪುನೀರಿನವು ಬರಡು. ಇಷ್ಟು ದೊಡ್ಡ ವ್ಯತ್ಯಾಸವನ್ನು ಅವರು ತಮ್ಮ ಜನ್ಮದಲ್ಲಿ ನೋಡಿರಲಿಲ್ಲವಂತೆ. ಎರಡನೇ ತಂಡದಲ್ಲೂ ಹೀಗೇ ಬಂದರೆ ಶುಕ್ರವಾರದ ಆಡಳಿತ ಮಂಡಳಿಯ ಸಭೆಯಲ್ಲಿ ತೋರಿಸುವುದು, ಅದೇ ಸಭೆಯಲ್ಲಿ ನನ್ನ ಗಂಡನ ಕೆಲಸ ಕಾಯಂ ಮಾಡಿಸುವುದು ಎಂದು ಅವರು ಬಾಯಿಬಿಟ್ಟು ಹೇಳಿದರು.

ಕಾಯಂ ಎನ್ನುವ ಪದ ನಮ್ಮ ಮನೆಯಲ್ಲಿ ಎಷ್ಟು ವರ್ಷಗಳಿಂದ ಕೊಳೆಯುತ್ತಿತ್ತೋ ಲೆಕ್ಕವಿಲ್ಲ. ಅವನಿಗಿಂತ ಚಿಕ್ಕವರು, ಅವನ ಕೈಯಲ್ಲೇ ಕಲಿತವರು ಕಾಯಂ ಆಗಿ ಕುರ್ಚಿ ಸೇರಿದ್ದರು. ಪ್ರತಿ ವರ್ಷ ಕೊನೆಗೆ ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಎಂದು ಅವನು ಕಾರಿಡಾರಿನಲ್ಲಿ ಕಾದು ನಿಲ್ಲುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಈಗ ಅವನು ಸ್ನಾನದ ಮನೆಯಲ್ಲಿ ಸಿಳ್ಳೆ ಹೊಡೆಯಲು ಶುರು ಮಾಡಿದ. ಸಭೆಗೆಂದು ಹೊಸ ಶರ್ಟು ತಂದು ಇಸ್ತ್ರಿ ಮಾಡಿ ತೂಗುಹಾಕಿದ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದನಲ್ಲ ಎಂದು ಅತ್ತೆ ಗೊಣಗಿದರೂ, ಆ ಶರ್ಟನ್ನು ದಿನಕ್ಕೊಂದು ಸಲ ಮುಟ್ಟಿ ನೋಡುತ್ತಿದ್ದವರು ಅವರೇ.

ಭಾನುವಾರ ಸಂಜೆ ನಮ್ಮಲ್ಲಿ ಇಸ್ಪೀಟು. ಮೂವರೂ ಚಾಪೆಯ ಮೇಲೆ ಕೂತು ರಮ್ಮಿ ಆಡುವುದು, ನಾನು ಸೋಲುವುದು, ಇದು ಮದುವೆಯಾದಾಗಿನಿಂದ ನಡೆದು ಬಂದದ್ದು. ಆ ಭಾನುವಾರವೂ ಸೋತೆ. ನನಗೆ ಬೇಕಾದ ಎಲೆಯನ್ನು ಅವನು ಕೊನೆಯತನಕ ಕೈಯಲ್ಲೇ ಬಿಗಿಹಿಡಿದಿದ್ದ. ಇವನಿಗೆ ಅದೃಷ್ಟ ಜಾಸ್ತಿ ಎಂದು ನಾನು ಎಲೆಗಳನ್ನು ಚಾಪೆಯ ಮೇಲೆ ಎಸೆದೆ.

ಅವನು ನೀರು ಕುಡಿಯಲು ಒಳಗೆ ಹೋಗಿದ್ದ. ಅತ್ತೆ ಎಲೆಗಳನ್ನು ಒಟ್ಟುಮಾಡುತ್ತ, "ಅದೃಷ್ಟ ಅಲ್ಲ ಕಣೇ. ಅವನು ತನ್ನ ಎಲೆ ಎಲ್ಲಿ ನೋಡ್ತಾನೆ? ನಿನ್ನ ಮುಖ ನೋಡ್ತಾನೆ" ಎಂದರು. "ಒಳ್ಳೇ ಎಲೆ ಬಂದ್ರೆ ನಿನ್ನ ಎಡಗಡೆ ಹುಬ್ಬು ಒಂಚೂರು ಏಳುತ್ತೆ. ಕೆಟ್ಟದ್ದು ಬಂದ್ರೆ ಅಯ್ಯೋ ಪಾಪ ಅನ್ನೋ ಹಾಗೆ ಕಣ್ಣು ಕಿರಿದಾಗುತ್ತೆ. ಮೂಗಿನ ತನಕ ಮುಸುಕು ಹಾಕ್ಕೊಂಡು ಆಡಿದ್ರೂ ನೀನು ಸೋಲ್ತೀಯ."

ಅವನಿಗೆ ಇದು ಗೊತ್ತೇ ಎಂದು ಕೇಳಿದೆ. ಅವನಿಗೆಲ್ಲಿ ಗೊತ್ತು, ತಾನು ಬುದ್ಧಿವಂತ ಅಂದುಕೊಂಡಿದ್ದಾನೆ ಎಂದು ಅತ್ತೆ ನಕ್ಕರು. ನಾನೂ ನಗಲು ಹೋದೆ. ನಗು ಅರ್ಧದಲ್ಲೇ ನಿಂತಿತು. ಮೂಗಿನ ತನಕ ಮುಸುಕು ಹಾಕಿಕೊಂಡು ನಾನು ದಿನಾ ಅವನೆದುರು ನಿಲ್ಲುತ್ತೇನೆ. ನನ್ನ ಕೈಯಲ್ಲಿ ಎಲೆಯ ಬದಲು ಇಲಿ ಇರುತ್ತದೆ, ಅಷ್ಟೇ. ಅವನು ನೀರು ಕುಡಿದು ಬಂದವನು ನನ್ನ ಕಡೆ ನೋಡಿ ತಲೆನೋವಾ ಎಂದು ಕೇಳಿದ. ಹೌದು ಎಂದೆ.

ಸೋಮವಾರ ಬೆಳಿಗ್ಗೆ ನಾನು ನನ್ನನ್ನೇ ಕಾವಲು ಕಾದೆ. ಎರಡನೇ ತಂಡದ ಓದು ಅರ್ಧ ಮುಗಿದಿತ್ತು. ಉಪ್ಪುನೀರಿನ ಇಲಿಯನ್ನು ಎತ್ತಿಕೊಂಡಾಗ ನನ್ನ ಹೆಬ್ಬೆರಳು ತಾನಾಗಿ ಅದರ ಬೆನ್ನು ಸವರುತ್ತಿತ್ತು. ನಿನಗೆ ಏನೂ ಕೊಡಲಿಲ್ಲವಲ್ಲ, ಗಾಯವನ್ನೂ ಮಾಡಿ ಮದ್ದನ್ನೂ ಕೊಡಲಿಲ್ಲವಲ್ಲ ಎಂಬ ಕನಿಕರ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ, ಇಲ್ಲಿ ಬೆಕ್ಕು ನಾನೇ. ಮದ್ದಿನ ಇಲಿಯನ್ನು ಎತ್ತಿಕೊಂಡಾಗ ಹಾಗಿಲ್ಲ, ನೋಡೋಣ ಏನು ಮಾಡುತ್ತೀಯೋ ಎಂಬ ಆಸೆ. ಇದೆಲ್ಲ ಒಳಗೇ ಇರುತ್ತದೆ ಎಂದು ಇಷ್ಟು ದಿನ ನಂಬಿದ್ದೆ. ಕಿಂಡಿಯಲ್ಲಿ ಕೈ ಚಾಚಿ ನಿಂತು ಅವನ ಕಣ್ಣುಗಳನ್ನು ಗಮನಿಸಿದೆ. ಅವು ಸಾಕೆಟ್ಟಿನ ಮೇಲಿದ್ದವು. ಆಮೇಲೆ ಒಂದು ಗಳಿಗೆ ಮೇಲೆದ್ದು, ನನ್ನ ಹುಬ್ಬಿನ ಮೇಲೆ ನಿಂತು, ಮತ್ತೆ ಇಳಿದವು. ಪ್ರತಿ ಇಲಿಗೂ ಹಾಗೇ. ಅದು ಎಂದಿನಿಂದಲೂ ಹಾಗೇ ಇತ್ತು. ಗಂಡ ಹೆಂಡತಿಯ ಕಡೆ ನೋಡುವುದರಲ್ಲಿ ವಿಶೇಷವೇನೂ ಇಲ್ಲವೆಂದು ನಾನೇ ಲಕ್ಷ್ಯ ಕೊಟ್ಟಿರಲಿಲ್ಲ.

ಇಷ್ಟರಿಂದ ಏನೂ ಸಾಬೀತಾಗುವುದಿಲ್ಲ. ನೋಡಿದ ಮಾತ್ರಕ್ಕೆ ಅವನ ಗುರುತುಗಳು ಕೆಟ್ಟಿವೆ ಎಂದು ಹೇಳಲಾಗದು. ಅವನನ್ನೇ ಕೇಳೋಣವೆಂದರೆ ಕೇಳಿದ ಕ್ಷಣಕ್ಕೇ ಪ್ರಯೋಗ ಹಾಳು. ದೊಡ್ಡಮ್ಮನಿಗೆ ಹೇಳೋಣವೆಂದರೆ ಬರೀ ಅನುಮಾನಕ್ಕೆ ಅವನ ಕಾಯಂ ಕೆಲಸ ಬಲಿಯಾಗುತ್ತದೆ. ಸುಮ್ಮನಿರೋಣವೆಂದರೆ ಶುಕ್ರವಾರ ಹತ್ತಿರ ಬರುತ್ತಿದೆ. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ದಿನ ಮಧ್ಯಾಹ್ನ ನಾನು ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದೆ.

ಇಲಿಕೋಣೆಯಲ್ಲಿ ತೀರಾ ಕೆಳಗಿನ ಹಲಗೆಯ ಮೇಲೆ ಕೆಲವು ಇಲಿಗಳು ಬೇರೆ ಇದ್ದವು. ಅವಕ್ಕೂ ಅದೇ ಗಾಯ, ಅದೇ ಸಾಕೆಟ್ಟು. ಆದರೆ ಅವಕ್ಕೆ ಮದ್ದೂ ಇಲ್ಲ, ಉಪ್ಪುನೀರೂ ಇಲ್ಲ. ಹೊಸ ತಂತಿ ಬಂದಾಗ ಪರೀಕ್ಷೆ ಮಾಡುವುದಕ್ಕೆಂದು ಇಟ್ಟವು, ಲೆಕ್ಕಕ್ಕೆ ಬಾರದವು. ಎಲ್ಲವೂ ಒಂದೇ ತೆರ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರಲು ಕಾರಣವೇ ಇಲ್ಲ. ಮಂಗಳವಾರ ಬೆಳಿಗ್ಗೆ ಅವುಗಳ ಪಂಜರಕ್ಕೆ ಎರಡನೇ ತಂಡದ ಚೀಟಿಗಳ ಹಾಗೆಯೇ ಚೀಟಿ ಅಂಟಿಸಿ ಮೇಲಕ್ಕಿಟ್ಟೆ. ಪ್ರತಿ ಪಂಜರಕ್ಕೂ ನಾಣ್ಯ ಚಿಮ್ಮಿ, ಯಾವುದನ್ನು ಖುಷಿಯ ಮುಖದಿಂದ ಕೊಡಬೇಕು, ಯಾವುದನ್ನು ಪಾಪದ ಮುಖದಿಂದ ಕೊಡಬೇಕು ಎಂದು ನಿರ್ಧರಿಸಿದೆ. ಮೂಗು ಬಾಯಿಗೆ ಮಾಸ್ಕು ಕಟ್ಟಿಕೊಂಡು ಸ್ಟೀಲಿನ ಕಪಾಟಿನ ಹೊಳೆಯುವ ಬಾಗಿಲಲ್ಲಿ ನೋಡಿಕೊಂಡು ಹುಬ್ಬು ಎತ್ತುವುದನ್ನು ಅಭ್ಯಾಸ ಮಾಡಿದೆ. ನಾಟಕದಲ್ಲಿ ಮರದ ಪಾತ್ರವನ್ನೂ ಸರಿಯಾಗಿ ಮಾಡಲು ಬಾರದವಳು ನಾನು. ಹುಬ್ಬು ಏಳುತ್ತಿತ್ತು, ಕಣ್ಣು ಮಾತ್ರ ಏಳುತ್ತಿರಲಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. ಖುಷಿಯ ಇಲಿಯನ್ನು ಕೈಗೆತ್ತಿಕೊಂಡಾಗಲೆಲ್ಲ ಅವನು ಆ ಹೊಸ ಶರ್ಟು ಹಾಕಿಕೊಂಡು, ಕೆಲಸ ಕಾಯಂ ಆದ ಸುದ್ದಿ ಹೇಳಲು ಮೆಟ್ಟಿಲು ಹತ್ತಿ ಬರುತ್ತಿರುವುದನ್ನು ಕಣ್ಣೆದುರು ತಂದುಕೊಂಡೆ. ಪಾಪದ ಮುಖಕ್ಕೆ ಏನನ್ನೂ ತಂದುಕೊಳ್ಳಬೇಕಾಗಲಿಲ್ಲ.

ಮೊದಲನೆಯದು ಖುಷಿಯ ಇಲಿ. ಕೈ ಚಾಚಿದೆ. ಅವನು ತಂತಿ ಸಿಕ್ಕಿಸಿದ. ಕಣ್ಣು ಮೇಲೆದ್ದು ನನ್ನ ಹುಬ್ಬಿನ ಮೇಲೆ ನಿಂತಿತು, ಇಳಿಯಿತು. ಆಮೇಲೆ ಗೋಡೆಯ ಈಚೆ ನಿಂತು ಕಿವಿ ಕೊಟ್ಟೆ. ಮಿದುಳು, ಮಿದುಳು, ದವಡೆ, ಮಿದುಳು ಎಂಬ ಗುನುಗು ಕೇಳಿಸಿತು. ಎರಡನೆಯದು ಪಾಪದ್ದು. ದವಡೆ, ದವಡೆ, ದವಡೆ. ದೇವರೇ, ಮೂರನೆಯದರಲ್ಲಾದರೂ ಇವನು ತಪ್ಪಲಿ ಎಂದು ಬೇಡಿಕೊಂಡೆ. ಅದು ಖುಷಿಯದು. ಮಿದುಳು, ಮಿದುಳು. ಹೀಗೇ ನಡೆಯಿತು, ಮಧ್ಯಾಹ್ನದ ತನಕ. ಒಂದು ಇಲಿಯಲ್ಲಿ ಮಾತ್ರ ಅವನು ನನ್ನ ಮುಖಕ್ಕೆ ವಿರುದ್ಧ ಹೋದ. ಅದನ್ನು ಹಿಡಿದಿದ್ದಾಗ ನನಗೆ ಸೀನು ಬಂದಿತ್ತು.

ಕೆಲಸ ಮುಗಿಸಿ ಅವನು ಕಿಂಡಿಯಿಂದ ಬಗ್ಗಿ ನೋಡಿ, ನಿಯಮ ಮುರಿದು, "ಇವತ್ತು ಒಳ್ಳೇ ದಿನ" ಎಂದ. ನಾನು ಪಂಜರ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತೆ. ಅವನಿಗೆ ತೋರಿಸಬಹುದಾದ ಮುಖ ಯಾವುದೂ ನನ್ನಲ್ಲಿ ಉಳಿದಿರಲಿಲ್ಲ.

ಸಂಜೆ ಅತ್ತೆ ಹೊರಗಿನ ಕೋಣೆಯಲ್ಲಿ ರೇಡಿಯೋ ಹಚ್ಚಿ ಕೂತಿದ್ದರು. ಅಡುಗೆಮನೆಯಲ್ಲಿ ನಾನು ತರಕಾರಿ ಹೆಚ್ಚುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು ನೋಡಿದ. ಎಷ್ಟೇ ಬಗ್ಗಿ ಕೂತರೂ ಅವನಿಗೆ ನನ್ನ ಮುಖ ಸಿಕ್ಕಿಬಿಡುತ್ತದೆ. ಏನೋ ಆಗಿದೆ, ಹೇಳು ಎಂದ. ಏನಿಲ್ಲ ಎಂದೆ. ಅವನು ಬಂದು ನನ್ನ ಕೈಯಿಂದ ಚಾಕು ತೆಗೆದು ಪಕ್ಕಕ್ಕಿಟ್ಟ. ಹೇಳಿಬಿಟ್ಟೆ.

"ಇವತ್ತು ನಾನು ಕೊಟ್ಟದ್ದು ಲೆಕ್ಕದ ಇಲಿಗಳಲ್ಲ. ಅವಕ್ಕೆ ನಾನು ಏನೂ ಚುಚ್ಚಿಲ್ಲ, ಎಲ್ಲಾ ಒಂದೇ. ನಾನು ಖುಷಿಯಾಗಿ ಕೊಟ್ಟದ್ದಕ್ಕೆಲ್ಲ ನೀನು ಗೊಂಚಲು ಹಾಕಿದ್ದೀಯ. ಬೇಜಾರಾಗಿ ಕೊಟ್ಟದ್ದು ಎಲ್ಲಾ ಬರಡು."

ಅವನು ಮೊದಲು ನಕ್ಕ. ತಾನು ಪರದೆ ಬಿಟ್ಟು ಬೇರೇನನ್ನೂ ನೋಡುವುದಿಲ್ಲ ಎಂದ. ನೀನು ನೋಡುತ್ತೀಯ ಎಂದು ನಿನಗೇ ಗೊತ್ತಿಲ್ಲ ಎಂದೆ ನಾನು. ಇಸ್ಪೀಟಿನ ಮಾತು ಹೇಳಿದೆ, ಹುಬ್ಬಿನ ಮಾತು ಹೇಳಿದೆ, ನಾಣ್ಯ ಚಿಮ್ಮಿದ್ದನ್ನೂ ಹೇಳಿದೆ. ಅವನು ಹಿಟ್ಟಿನ ಡಬ್ಬದ ಮೇಲೆ ಕುಸಿದು ಕೂತು ಎರಡು ಅಂಗೈಯಿಂದ ಕಣ್ಣು ಒತ್ತಿಕೊಂಡ. ಆ ಕಣ್ಣುಗಳ ಮೇಲೆ ಅವನು ಬದುಕು ಕಟ್ಟಿಕೊಂಡಿದ್ದ, ನಾನು ಅದನ್ನು ಒಂದು ಬೆಳಿಗ್ಗೆಯಲ್ಲಿ ಕೆಡವಿದ್ದೆ. ಶುಕ್ರವಾರ ಹೋಯಿತು ಎಂದು ಅವನು ಹೇಳುತ್ತಾನೆ ಎಂದುಕೊಂಡೆ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ನನಗೂ ಬಾಯಿತ್ತು.

ಕಣ್ಣಿನಿಂದ ಕೈ ತೆಗೆದು, "ಹಾಗಾದ್ರೆ ಇವತ್ತು ಬೆಳಿಗ್ಗೆ ನೀನು ಖುಷಿಯಾಗಿ ಇದ್ದದ್ದು ಸುಳ್ಳಾ?" ಎಂದು ಕೇಳಿದ.

ಹೌದು ಎಂದೆ.

"ನಾನು ಅಂದ್ಕೊಂಡೆ, ಇವಳಿಗೆ ನನ್ನ ವಿಷಯದಲ್ಲಿ ಖುಷಿಯಾಗಿದೆ ಅಂತ."

ಆ ಖುಷಿ ನಿನ್ನದೇ ಕಣೋ, ನಿನ್ನ ಶರ್ಟನ್ನು ನೆನೆದೇ ನನ್ನ ಕಣ್ಣು ಅರಳಿದ್ದು ಎಂದು ಹೇಳಬೇಕೆನಿಸಿತು. ಹೇಳಲು ನಾಚಿಕೆಯಾಯಿತು. ಆ ಖುಷಿಯನ್ನೇ ನಾನು ಅವನಿಗೆ ಗಾಳ ಮಾಡಿ ಬಳಸಿದ್ದೆ. ಅವನು ಎದ್ದು ಹೋದ. ಊಟಕ್ಕೆ ಬಂದ, ಉಂಡ, ಅತ್ತೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಮರುದಿನ ಹೊರಡುವಾಗ ಬಾಗಿಲ ಬಳಿ, "ನೀವು ಮುಂದೆ ನಡೀರಿ, ನಾನು ಬರ್ತೀನಿ" ಎಂದ. ಮನೆಯೊಳಗೆ ಅವನು ನನಗೆ ನೀವು ಎಂದದ್ದು ಅದೇ ಮೊದಲು. ಅತ್ತೆ ರೇಡಿಯೋದ ಸದ್ದು ತಗ್ಗಿಸಿ ಇಬ್ಬರನ್ನೂ ನೋಡಿದರು.

ದೊಡ್ಡಮ್ಮನ ಕೋಣೆಯಲ್ಲಿ ಮಾತಾಡಿದವನು ಅವನೇ. ನಾನು ಬಾಯಿ ತೆರೆಯುವ ಮೊದಲೇ, ನನ್ನ ಗುರುತುಗಳನ್ನು ನಂಬಬೇಡಿ, ಅವು ಕೆಟ್ಟಿವೆ ಎಂದು ನೇರವಾಗಿ ಹೇಳಿದ. ದೊಡ್ಡಮ್ಮ ನಿಂತೇ ಎಲ್ಲ ಕೇಳಿದರು. ಕನ್ನಡಕ ತೆಗೆದರು, ಹಾಕಿಕೊಂಡರು. ಸಭೆಗೆಂದು ಗೋಡೆಗೆ ಅಂಟಿಸಿದ್ದ ದೊಡ್ಡ ಚಿತ್ರದ ಕಡೆ ನೋಡಿದರು. ಅದರಲ್ಲಿ ಮದ್ದಿನ ಇಲಿಗಳ ಗೆರೆ ಉಳಿದವುಗಳ ತಲೆಯ ಮೇಲೆ ಎತ್ತರಕ್ಕೆ ಹೋಗಿತ್ತು.

"ಮುಖ ನೋಡಿ ಮಣೆ ಹಾಕೋದು ಕೇಳಿದ್ದೆ. ಇಲಿಗೆ ಹೆಂಡತಿ ಮುಖ ನೋಡಿ ಮಣೆ ಹಾಕಿದ್ದೀಯಲ್ಲಪ್ಪ" ಎಂದರು.

ಆ ಮಾತಿನಲ್ಲಿ ಸಿಟ್ಟಿತ್ತು, ಆದರೆ ಸಿಟ್ಟು ಅವನ ಮೇಲಲ್ಲ. ಗಟ್ಟಿ ಬೀಗ ಎಂದು ಆರಿಸಿ ಹಾಕಿದವರು ಅವರೇ. ಮಾಸ್ಕಿದೆ, ಟೋಪಿಯಿದೆ, ಇನ್ನೇನು ಕಾಣುತ್ತದೆ ಎಂದು ಅಂದೇ ವಾದಿಸಿದ್ದರು. ಹತ್ತು ನಿಮಿಷ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿ ತೀರ್ಮಾನ ಹೇಳಿದರು. ಎರಡೂ ತಂಡಗಳಲ್ಲಿ ಈತನಕ ಹಿಡಿದಿಟ್ಟ ಅಲೆಗಳೆಲ್ಲ ಯಂತ್ರದಲ್ಲಿ ಹಾಗೇ ಇವೆ. ತಾವೇ ಕೂತು ಎಲ್ಲವನ್ನೂ ಕಲೆಸಿ, ಹೊಸ ಸಂಖ್ಯೆ ಕೊಡುತ್ತಾರೆ. ಅವನು ಬಾಗಿಲು ಹಾಕಿಕೊಂಡು ಮೊದಲಿನಿಂದ ಓದಬೇಕು. ನಾನು ಆ ಕಾರಿಡಾರಿನಲ್ಲೂ ಕಾಣಿಸಿಕೊಳ್ಳಬಾರದು. ವ್ಯತ್ಯಾಸ ಉಳಿದರೆ ಶುಕ್ರವಾರ ಉಂಟು, ಉಳಿಯದಿದ್ದರೆ ಇಲ್ಲ.

ಗುರುವಾರವಿಡೀ ನಾನು ಪಂಜರ ತೊಳೆಯುವ ಕೋಣೆಯಲ್ಲಿದ್ದೆ. ಹಬೆ, ಸಾಬೂನಿನ ನೊರೆ, ಯಂತ್ರದ ಗರಗರ. ತೊಳೆದ ಪಂಜರಗಳನ್ನೇ ಇನ್ನೊಮ್ಮೆ ತೊಳೆದೆ. ಮದ್ದು ನಿಜವಾಗಿ ಕೆಲಸ ಮಾಡಿರಲಿ ಎಂದು ಒಂದು ಸಲ ಅನಿಸುತ್ತಿತ್ತು. ನಾನು ಮದ್ದು ಚುಚ್ಚಿದ ಆ ಇಲಿಗಳ ಗಾಯಗೊಂಡ ತಲೆಗಳಲ್ಲಿ ಯಾವುದೋ ಜೀವಕೋಶ ಪಕ್ಕದ್ದರ ಕಡೆಗೆ ಕೈ ಚಾಚಿರಲಿ, ನನ್ನ ಹುಬ್ಬಿನ ಹಂಗಿಲ್ಲದೆ ಚಾಚಿರಲಿ. ಇನ್ನೊಂದು ಸಲ, ಏನೂ ಉಳಿಯದಿದ್ದರೆ ಅವನು ನನ್ನನ್ನು ಹೇಗೆ ನೋಡುತ್ತಾನೆ ಎಂಬ ಭಯ. ಯಾರದೋ ಹೆಜ್ಜೆ ಕೇಳಿದಾಗಲೆಲ್ಲ ಯಂತ್ರ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದೆ. ಹೊರಗೆ ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡಮ್ಮನೇ ಬಂದು ಬಾಗಿಲಲ್ಲಿ ನಿಂತರು. ಹಬೆಗೆ ಅವರ ಕನ್ನಡಕ ಮತ್ತೆ ಮಂಜಾಯಿತು.

"ಇದೆ. ಆದ್ರೆ ಇಷ್ಟೇ ಇದೆ" ಎಂದು ಕಿರುಬೆರಳಿನ ಉಗುರು ತೋರಿಸಿದರು. "ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು. ಆದ್ರೆ ಇಲಿ ನಿಜವಾದ್ದು."

ಗೋಡೆಗೆ ಅಂಟಿಸಿದ್ದ ಆ ಎತ್ತರದ ಗೆರೆ ಕುಗ್ಗಿ, ಉಪ್ಪುನೀರಿನ ಗೆರೆಗಿಂತ ಒಂದು ಸ್ವಲ್ಪ ಮೇಲೆ ಬಂದು ನಿಂತಿತ್ತು. ಗ್ರೋತ್ ಫ್ಯಾಕ್ಟರ್ ಸುಳ್ಳಲ್ಲ, ಅದರ ಮಾತನ್ನು ಕೆಲವು ಜೀವಕೋಶಗಳಾದರೂ ಕೇಳಿದ್ದವು. ಉಳಿದ ಎತ್ತರವೆಲ್ಲ ನನ್ನ ಮುಖದ್ದು. ವಿಜ್ಞಾನಕ್ಕೆ ಆ ಚಿಕ್ಕ ಗೆರೆ ಸಾಕು, ಇನ್ನೂ ಹತ್ತು ತಂಡ ಇಲಿಗಳನ್ನು ಇಟ್ಟುಕೊಂಡು ಮುಂದೆ ಹೋಗಬಹುದು ಎಂದರು ದೊಡ್ಡಮ್ಮ. ಮಂಡಳಿಗೆ ಸಾಕೇ ಎಂದು ನಾನು ಕೇಳಲಿಲ್ಲ.

ಸಾಕಾಗಲಿಲ್ಲ. ಶುಕ್ರವಾರ ಅವನು ಹೊಸ ಶರ್ಟು ಹಾಕಿಕೊಳ್ಳದೆ ಹಳೆಯದರಲ್ಲೇ ಹೋದ. ಹೆಂಡತಿಯ ಹುಬ್ಬು ನೋಡಿ ಗುರುತು ಹಾಕಿದೆ ಎಂದು ಸಭೆಯಲ್ಲಿ ಅವನೇ ವಿವರಿಸಿದನಂತೆ. ಮಂಡಳಿಯವರು ಮೇಜು ಗುದ್ದಿ ನಕ್ಕರಂತೆ. ಅವರಲ್ಲೊಬ್ಬರು ನಮ್ಮ ಮನೆಯಲ್ಲೂ ಇದೇ ಕಥೆ ಎಂದರಂತೆ. ಕಾಯಂ ಮಾತು ಮುಂದಿನ ವರ್ಷಕ್ಕೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅತ್ತೆ ಒಂದೇ ಮಾತು ಆಡಿ, ಶರ್ಟನ್ನು ಮಡಿಸಿ ಪೆಟ್ಟಿಗೆಯ ಅಡಿಯಲ್ಲಿಟ್ಟರು. ಅಲೆಕೋಣೆಯ ಕಿಂಡಿಗೆ ಕಪ್ಪು ಬಟ್ಟೆಯ ಪರದೆ ಬಂತು. ಈಗ ಬಟ್ಟೆಯ ಸೀಳಿನಿಂದ ನನ್ನ ಕೈಗಳಷ್ಟೇ ಆಚೆ ಹೋಗುತ್ತವೆ. ತಂತಿ ಕೂತಿತೆಂದು ಅವನು ಬೆರಳಿನಿಂದ ಒಮ್ಮೆ ತಟ್ಟುತ್ತಾನೆ, ನಾನು ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ.

ಭಾನುವಾರ ಸಂಜೆ ಅತ್ತೆಯೇ ಹಟ ಮಾಡಿ ಚಾಪೆ ಹಾಸಿದರು. ಮೂವರೂ ಕೂತೆವು. ಮನೆಯಲ್ಲಿ ಮತ್ತೆ ನೀನು ಎನ್ನಲು ಶುರು ಮಾಡಿದ್ದ, ಸಿಳ್ಳೆ ಮಾತ್ರ ನಿಂತಿತ್ತು. ನನಗೆ ಬೇಕಾದ ಎಲೆ ಬೇಗನೇ ಬಂತು. ಎರಡನೆಯದನ್ನು ಅವನೇ ಕೆಳಗೆ ಹಾಕಿದ. ಇದೇನು ಇವನು ಹೀಗೆ ಆಡುತ್ತಾನೆ ಎಂದುಕೊಳ್ಳುವಷ್ಟರಲ್ಲಿ ಮೂರನೆಯದೂ ಬಂತು. ಎಲೆಗಳನ್ನು ಹರಡಿ ತೋರಿಸಿದೆ. ಮದುವೆಯಾದ ಮೇಲೆ ಮೊದಲ ಸಲ ಗೆದ್ದಿದ್ದೆ. ಅರೆ, ಸೊಸೆ ಗೆದ್ದಳಲ್ಲ ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಆಟ ಮುಗಿಯುವ ತನಕ ಅವನು ತನ್ನ ಎಲೆಗಳನ್ನು ಬಿಟ್ಟು ಕಣ್ಣೆತ್ತಿರಲಿಲ್ಲ.

ನನಗೆ ಅಳು ಬಂತು. ಅತ್ತೆಯ ಎದುರಿಗೇ, "ಒಂದು ಸಲ ಈ ಕಡೆ ನೋಡು" ಎಂದೆ.

ಅವನು ನೋಡಿದ. ಅನುಮಾನದ ಅಲೆ ಬಂದಾಗ ಪರದೆಯ ಹತ್ತಿರ ಬಗ್ಗಿ ನೋಡುವ ಹಾಗೆ, ಸ್ವಲ್ಪ ಮುಂದಕ್ಕೆ ಬಗ್ಗಿ, ಬಹಳ ಹೊತ್ತು ನೋಡಿದ.

"ಇದು ನಿಜವಾದ್ದಾ?" ಎಂದು ಕೇಳಿದ. ತಮಾಷೆಗೆ ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ನಾನು ಹೌದು ಎಂದೆ. ಅವನು ತಲೆಯಾಡಿಸಿ, ಎಲೆಗಳನ್ನು ಒಟ್ಟುಮಾಡಿ ಕಲೆಸಿ, ಮತ್ತೆ ಹಂಚಲು ಶುರು ಮಾಡಿದ.